ಓಡಿದ್ದು ಕುದುರೆ, ಪಾಪ ಯಾರದು?

ಕಾಗಾಲ ಊರಿನ ದನಗಳಿಗೆ ಪ್ರೊಕೇನ್ ಪೆನ್ಸಿಲಿನ್ ಚುಚ್ಚುತ್ತಲೇ ನನ್ನ ಪಶುವೈದ್ಯ ನೌಕರಿ ಮುಗಿಯಿತು. ಪೆನ್ಸಿಲಿನ್ ಮೈಯಲ್ಲಿ ನಿಧಾನ ಕರಗಲೆಂದು ಅದರೊಡನೆ ಪ್ರೊಕೇನ್ ಸೇರಿಸಿರುತ್ತಾರೆ. ಬರೀ ಪ್ರೊಕೇನನ್ನು ಕಾಲಿನ ನರದ ಬಳಿ ಕೊಟ್ಟರೆ ಆ ಜಾಗ ಮರಗಟ್ಟುತ್ತದೆ. 2017ರ ಮಾರ್ಚಿನಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಮೂತ್ರದ ಮಾದರಿಯಲ್ಲಿ ಸಿಕ್ಕಿದ್ದೂ ಪ್ರೊಕೇನೇ. ಪ್ರಕರಣ ಸಿಐಡಿ ತನಕ ಹೋಯಿತು. ಒಂದೇ ಮದ್ದು ಇಲ್ಲಿ ದಯೆ, ಅಲ್ಲಿ ಹಿಂಸೆ ಆಗುವುದು ಹೇಗೆ?

ಗಜನಿ ಗದ್ದೆಯವನೊಬ್ಬನ ಎತ್ತು ಕುಂಟುತ್ತಿತ್ತು. ಮದ್ದು ಕೊಟ್ಟೆ. "ಡಾಕ್ಟ್ರೇ, ನಾಳೆ ಹೂಡ್ಲಕ್ಕಾ?" ಅಂದ. "ಎಂಟು ದಿನ ಕೊಟ್ಟಿಗೆಲೇ ಇರ್ಲಿ" ಅಂದೆ. ನೋವು ತೆಗೆದು ಮಲಗಿಸಿದರೆ ಶುಶ್ರೂಷೆ. ನೋವು ತೆಗೆದು ಓಡಿಸಿದರೆ, 'ಇನ್ನು ಆಗದು' ಎನ್ನಲು ಆ ಮೂಕಪ್ರಾಣಿಗಿದ್ದ ಒಂದೇ ದಾರಿಯನ್ನೂ ಮುಚ್ಚಿದ ಹಾಗೆ.

ಹಾಗಾದರೆ ಪಾಪ ಯಾರ ಪಾಲಿಗೆ? ನಮ್ಮ ಪಕ್ಕದ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಕಟ್ಟಿದ ಜೈನರ ಧರ್ಮದಲ್ಲಿ ಇದಕ್ಕೆ ಖಚಿತ ಲೆಕ್ಕವಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಸಂಕಲ್ಪ, ಸಿದ್ಧತೆ, ಆರಂಭ ಎಂದು ಮೂರು. ಮನಸ್ಸು, ಮಾತು, ಮೈ ಎಂದು ಮೂರು. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಗುಣಿಸಿದರೆ ಪಾಪ ತಗಲುವ ಬಗೆಗಳು 108.

ರೇಸಿನ ಕುದುರೆಗೆ ಮದ್ದು ಕೊಟ್ಟವರ ಶಿಕ್ಷೆ ಹೆಚ್ಚಿಸಬೇಕೆನ್ನುವವರು ಈ ಗುಣಾಕಾರ ಕಲಿಯಬೇಕು. ಚಿಕಿತ್ಸೆಗೆಂದು ಕೊಟ್ಟ ಪೆನ್ಸಿಲಿನ್‌ನಿಂದಲೂ ಪ್ರೊಕೇನ್ ಮೂತ್ರದಲ್ಲಿ ಸಿಗಬಹುದು. ಆಗ ಬಹುಮಾನ ವಾಪಸ್ ಪಡೆಯುವುದು ನ್ಯಾಯ, ಏಕೆಂದರೆ ಓಟ ಸಮವಾಗಿರಲಿಲ್ಲ. ಆದರೆ ಟ್ರೇನರ್‌ನ ಜೀವನೋಪಾಯ ಕಸಿಯುವ ಮುನ್ನ ಲೋಭವಿತ್ತೇ, ಮಾಯೆಯಿತ್ತೇ ಎಂದು ನೋಡಲೇಬೇಕು. ಎರಡೂ ಇದ್ದರೆ ಕರುಣೆ ಬೇಡ. ಕುದುರೆಗಳಿಗೆ ಮದ್ದು ಕೊಟ್ಟ ಸಂಚನ್ನು ಒಪ್ಪಿಕೊಂಡ ಅಮೆರಿಕದ ಟ್ರೇನರ್ ಹೋರ್ಹೆ ನವಾರೊಗೆ 2021ರಲ್ಲಿ 5 ವರ್ಷ ಜೈಲಾಯಿತು. ಅದು ಅತಿಯೆಂದು ನನಗನಿಸದು.

ನನ್ನ ಹೆದರಿಕೆ ಬೇರೆ. ಶಿಕ್ಷೆ ಬಿಗಿಯಾದಷ್ಟೂ ಅದು ಕೆಳಗಿನವನ ಮೇಲೆ ಬೀಳುತ್ತದೆ. ಸೂಜಿ ಹಿಡಿದ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಸುಲಭವಾಗಿ ಸಿಗುತ್ತಾನೆ. ಹಿಡಿಸಿದ ಯಜಮಾನ, ವರದಿ ಬಚ್ಚಿಡುವ ಅಧಿಕಾರಿ ಜಾರಿಕೊಳ್ಳಬಹುದು. ಮಾಡಿಸಿದವನಿಗೆ ಮಾಡಿದವನಿಗಿಂತ ಹೆಚ್ಚಿನ ದಂಡ ಎಂದು ನಿಯಮದಲ್ಲೇ ಬರೆಯಲಿ.

ಇನ್ನು ಉಳಿದದ್ದು ಒಪ್ಪಿದವನ ಪಾಲು. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸನ್ನು ಕೌಶಲದ ಆಟವೆಂದು ಹೇಳಿತು. ಬಾಜಿ ಕಟ್ಟುವವನು ಕಾನೂನಿನ ಕಣ್ಣಿಗೆ ತಪ್ಪಿತಸ್ಥನಲ್ಲ. ಆದರೆ ಕುದುರೆಯ ಕಾಲು ಹೇಗಿದೆಯೆಂದು ಕೇಳದೆ ಟಿಕೆಟ್ ಕೊಂಡವನ ಪಾಲನ್ನು ರೇಸಿನ ತಪ್ಪು ವಿಚಾರಿಸುವ ಯಾವ ಸ್ಟೀವರ್ಡೂ ಅಳೆಯಲಾರ. ಆ ವಿಚಾರಣೆಯನ್ನು ಟಿಕೆಟ್ ಕೊಂಡವನೇ ನಡೆಸಿಕೊಳ್ಳಬೇಕು.