ಇಂದಿನ ಧಮ್ಮ ಚಿಂತನೆ: ಗುಂಡಲಬಂಡದ ನೀರು



ಕಳೆದ ಭಾನುವಾರ ಅವ್ವನನ್ನು ಕರೆದುಕೊಂಡು ಸಿಂಧನೂರಿನಿಂದ ಹೊರಟೆ. ಮೊದಲು ಮಸ್ಕಿ, ಆಮೇಲೆ ಲಿಂಗಸುಗೂರು, ಅಲ್ಲಿಂದ ಗೋನವಾಟ್ಲ ಹತ್ತಿರದ ಗುಂಡಲಬಂಡ ಜಲಪಾತ. ದೂರದ ಜೋಗ ನೋಡಿ ಬಂದ ನಮ್ಮವರು ಎಷ್ಟೋ ಮಂದಿ ಪಕ್ಕದ ಇದನ್ನು ನೋಡಿಲ್ಲ. ಮಳೆ ಬಂದರೆ ಹಳ್ಳ ತುಂಬಿ ಬಂಡೆಯ ಮೇಲಿಂದ ಧುಮುಕುತ್ತದೆ, ಮಳೆಗಾಲ ಕಳೆದರೆ ಬರೀ ಕಲ್ಲು. ಅನಿಚ್ಚ ಎಂದರೇನೆಂದು ಮಕ್ಕಳಿಗೆ ತೋರಿಸಲು ಒಳ್ಳೆಯ ಜಾಗ. ಆದರೆ ನಾನು ಇವತ್ತು ಹೇಳಬೇಕಾದದ್ದು ಬೇರೆ.

ಮಸ್ಕಿಯಲ್ಲಿ ಅಶೋಕನ ಶಾಸನದ ಮುಂದೆ ನಿಂತು ಅವ್ವನಿಗೆ ವಿವರಿಸಿದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರು ಕಂಡುಹಿಡಿದ ಶಾಸನ ಇದು. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಹೆಸರು ಸಮೇತ ಮೊದಲು ತಿಳಿದದ್ದು ಇಲ್ಲಿ. ನಾವು ಹಿಡಿದುಕೊಳ್ಳಬೇಕಾದ ಮಾತು ಅದರ ಕೊನೆಯ ಭಾಗದಲ್ಲಿದೆ. ಈ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಧಮ್ಮದಲ್ಲಿ ತೊಡಗಿದ ಸಣ್ಣವನಿಗೂ ಸಿಗುತ್ತದೆ, ಇದನ್ನು ಇಬ್ಬರಿಗೂ ಹೇಳಿ ಎನ್ನುತ್ತಾನೆ ಅಶೋಕ.

"ರಾಜ ಆಗಿ ಹಿಂಗ ಬರ್ಸ್ಯಾನ?" ಅಂದಳು ಅವ್ವ.

ಲಿಂಗಸುಗೂರಿನಲ್ಲಿ ಚಹಾ ಕುಡಿದು ಮುಂದೆ ಹೋದೆವು. ಜಲಪಾತದ ಕೆಳಗೆ ನಾಲ್ಕೈದು ಹುಡುಗರು, ಒಂದು ಕುಟುಂಬ ನೀರಿನಲ್ಲಿದ್ದರು. ಅವ್ವ ಖಾಲಿ ಬಾಟಲಿ ಹಿಡಿದು ಬಂಡೆಯ ಮೇಲೇ ನಿಂತಳು.

"ಇಳಿಯವ್ವಾ."

"ಅವ್ರು ಮ್ಯಾಲ ಬರ್ಲಿ ತಡಿ. ಆಮ್ಯಾಲ ಇಳಿತೀನಿ."

ಯಾರೂ ಆಕೆಗೆ ಏನೂ ಅಂದಿರಲಿಲ್ಲ. ಸಣ್ಣಾಕಿದ್ದಾಗ ಊರ ಬಾವಿಯ ಹತ್ತಿರ ಕೊಡ ಇಟ್ಟು, ಯಾರಾದರೂ ಮೇಲಿನಿಂದ ನೀರು ಹಾಕುವ ತನಕ ದೂರ ನಿಂತವಳು. ನನಗೆ ಸಿಟ್ಟು ಬಂತು. 1927ರ ಮಾರ್ಚ್ 20ರಂದು ಮಹಾಡದ ಚೌಡಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಕುಡಿದದ್ದು, ಆ ನೀರಿಗಾಗಿ 1937ರ ತನಕ ಕೋರ್ಟಿನಲ್ಲಿ ಬಡಿದಾಡಿದ್ದು, ಎಲ್ಲವನ್ನೂ ಅಲ್ಲೇ ನಿಂತು ಹೇಳಿದೆ. "ದೀಕ್ಷಾ ತಗೊಂಡು ಹತ್ತು ವರ್ಷ ಆತು, ಇನ್ನೂ ಹಿಂಗ ನಿಂದರ್ತಿಯಲ್ಲ" ಎಂದೂ ಅಂದುಬಿಟ್ಟೆ.

ಅವ್ವ ಮೆಲ್ಲಗೆ ಕೇಳಿದಳು: "ಚಾದಂಗಡ್ಯಾಗ ಆ ಹಿರ್ಯಾ 'ಯಾರ ಪೈಕಿ' ಅಂತ ಕೇಳಿದಾಗ ನೀ ಏನಂದಿ?"

ನನ್ನ ಬಾಯಿ ಕಟ್ಟಿತು. "ಸಿಂಧನೂರು ಕಡೆಯವರು" ಎಂದಷ್ಟೇ ಹೇಳಿ, ದುಡ್ಡು ಕೊಟ್ಟು ಎದ್ದು ಬಂದಿದ್ದೆ. ಬೌದ್ಧರು ಎಂಬ ಒಂದು ಶಬ್ದ ಬಾಯಿಗೆ ಬರಲಿಲ್ಲ. ಪ್ರತಿ ವಾರ ನಿಮ್ಮ ಮುಂದೆ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಓದುವವನು ಇದೇ ನಾನು!

ತಥಾಗತರು ಸಂಖಾರ ಎಂದರಲ್ಲ, ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ನಿಮಗೂ ಹೇಳಿಕೊಟ್ಟಿದ್ದೆ. ಅದು ಅವ್ವನ ಕಾಲಲ್ಲಿ ಕಂಡಿತು, ನನ್ನ ನಾಲಿಗೆಯಲ್ಲಿ ಕಾಣಲಿಲ್ಲ. ಅಶೋಕನೂ ಅದೇ ಬಂಡೆಯ ಮೇಲೆ, ತಾನು ಬೌದ್ಧನಾಗಿ ಎರಡೂವರೆ ವರ್ಷದ ಮೇಲಾಯಿತು ಎಂದು ಲೆಕ್ಕ ಇಟ್ಟು ಬರೆಸಿದ್ದಾನೆ. ದೀಕ್ಷೆ ಒಂದು ದಿನದ್ದು. ಉಳಿದ ದಿನಗಳ ಲೆಕ್ಕ ನಾನು ಇಟ್ಟಿರಲಿಲ್ಲ.

ಅಷ್ಟರಲ್ಲಿ ಅವ್ವ ಸೀರೆ ಎತ್ತಿ ಕಟ್ಟಿ ಇಳಿಯತೊಡಗಿದ್ದಳು. ಪಾಚಿಗೆ ಕಾಲು ಜಾರಿತು. ಕೆಳಗಿದ್ದ ಹುಡುಗನೊಬ್ಬ "ಹಗೂರಕ ಆಯಿ" ಎಂದು ಕೈ ಹಿಡಿದು ಇಳಿಸಿಕೊಂಡ, ಯಾರ ಪೈಕಿ ಎಂದು ಕೇಳಲಿಲ್ಲ. ಅವ್ವ ಬೊಗಸೆ ಒಡ್ಡಿ ಮುಖಕ್ಕೆ ನೀರು ಹಾಕಿಕೊಂಡಳು. ಬಾಟಲಿ ತುಂಬಿಸಿಕೊಂಡಳು.

ಬರುವಾಗ ಲಿಂಗಸುಗೂರಿನ ಅದೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಆ ಹಿರಿಯರು ಹೋಗಿಬಿಟ್ಟಿದ್ದರು.

ಜೈ ಭೀಮ್. ನಮೋ ಬುದ್ಧಾಯ.