ತೊಟ್ಟಿಲು ಯಾರಿಗಾಗಿ?

ಮನೆಯಲ್ಲಿ ಮಗು ಹುಟ್ಟಲಿದೆ ಎಂಬ ಸುದ್ದಿ ತಿಳಿದೊಡನೆ ನಮ್ಮ ಕುಟುಂಬಗಳಲ್ಲಿ ಎರಡು ಚಿಂತೆಗಳು ಶುರುವಾಗುತ್ತವೆ. ತಾಯಿಯೂ ಮಗುವೂ ಕ್ಷೇಮವಾಗಿರಲಿ ಎಂಬುದು ಒಂದು. ಏನೇನು ಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಅಲ್ಲಾಹನಿಗೆ ಒಪ್ಪಿಸಿ, ಎರಡನೆಯದಕ್ಕೆ ನಾವು ತಲೆ ಕೆಡಿಸಿಕೊಳ್ಳುತ್ತೇವೆ! ಇದು ಬರೀ ಜೇಬಿನ ಪ್ರಶ್ನೆಯೆಂದು ಅನೇಕರ ಭಾವನೆ. ಆದರೆ ಕೊಂಡ ವಸ್ತು ಯಾರ ಉಪಯೋಗಕ್ಕೆ, ಯಾರ ದುಡ್ಡಿನಿಂದ, ಯಾರ ಕಣ್ಣಿಗಾಗಿ ಎಂದು ಕೇಳಿಕೊಂಡರೆ ಅದು ಧರ್ಮದ ಪ್ರಶ್ನೆಯೂ ಆಗುತ್ತದೆ.

ಮಂಚೇನಹಳ್ಳಿ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಸುತ್ತಮುತ್ತ ಚೊಚ್ಚಲ ಹೆರಿಗೆ ತವರುಮನೆಯದು. ಈ ರೂಢಿಯಲ್ಲಿ ಹಿಂದೂ ಮುಸ್ಲಿಮ್ ಎಂಬ ಭೇದವಿಲ್ಲ. ಮಗಳನ್ನು ಕರೆತಂದು ಬಾಣಂತನ ಮಾಡುವುದು ಪ್ರೀತಿಯ ಕೆಲಸ, ಅದನ್ನು ಯಾರೂ ಆಕ್ಷೇಪಿಸಲಾರರು. ತೊಂದರೆ ಇರುವುದು ಆಕೆಯನ್ನು ಗಂಡನ ಮನೆಗೆ ಹಿಂದಕ್ಕೆ ಕಳುಹಿಸುವಾಗ. ತೊಟ್ಟಿಲು, ಹಾಸಿಗೆ, ಬೆಳ್ಳಿಯ ಕಾಲುಗೆಜ್ಜೆ, ಚಿನ್ನದ ಉಂಗುರ, ಅಳಿಯನಿಗೆ ಬಟ್ಟೆ, ಬೀಗಿತಿಗೆ ಸೀರೆ. ಈಗೀಗ ಅದರ ಜೊತೆಗೆ ತಳ್ಳುಗಾಡಿ, ವಾಕರ್, ಬಣ್ಣದ ಡಬ್ಬಿಯಲ್ಲಿ ಜೋಡಿಸಿಟ್ಟ ಪೌಡರು, ಎಣ್ಣೆ, ಹಾಲಿನ ಬಾಟಲಿ. ಇಷ್ಟನ್ನೂ ನೆರೆಹೊರೆಯವರು ನೋಡುವಂತೆ ಇಳಿಸಬೇಕು.

ರೇಷ್ಮೆ ನೂಲು ಬಿಚ್ಚಿ ಬದುಕುವ ಒಬ್ಬ ತಂದೆಯನ್ನು ನೆನೆಯಿರಿ. ಬೆಳಗ್ಗೆ ಅವನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಹಿಡಿಯಬೇಕು. ನೂಲು ಮಾರಿ ಹಣ ಬರುವವರೆಗೆ ಬಂಡವಾಳ ಕೈಯಲ್ಲಿರಬೇಕು. ಆ ಬಂಡವಾಳ ತೊಟ್ಟಿಲಿಗೆ ಹೋದರೆ ಮರುದಿನ ಒಲೆಯ ಮೇಲೆ ನೀರು ಕುದಿಯುತ್ತದೆ, ಅದರಲ್ಲಿ ಗೂಡಿರುವುದಿಲ್ಲ. ಆಗ ಉಳಿಯುವ ದಾರಿ ಸಾಲ, ಅದೂ ಬಡ್ಡಿಯ ಸಾಲ. ವಾರ ವಾರ ಮನೆ ಬಾಗಿಲಿಗೆ ಬರುವ ಸಾಲದವರ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ, ಅದನ್ನು ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸಾಲ ಉಳಿಸಿ ಮೃತನಾದ ವ್ಯಕ್ತಿಯೊಬ್ಬನ ಜನಾಝ ನಮಾಝ್‌ಗೆ ಪ್ರವಾದಿ(ಸ) ಮುಂದೆ ನಿಲ್ಲದಿದ್ದುದೂ, ಅಬೂ ಖತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಿರ್ವಹಿಸಿದ್ದೂ ಹದೀಸ್‌ನಲ್ಲಿದೆ. ಸಾಲವನ್ನು ಇಷ್ಟು ಗಂಭೀರವಾಗಿ ಕಾಣುವ ಧರ್ಮದ ಅನುಯಾಯಿಗಳು ಮಗುವಿನ ಆಗಮನವನ್ನೇ ಸಾಲದಿಂದ ಸ್ವಾಗತಿಸುವುದು ಎಂತಹ ವಿಪರ್ಯಾಸ!

ಹಾಗಾದರೆ ಮಗುವಿಗೆ ನಿಜವಾಗಿ ಬೇಕಾದುದೇನು? ಕುರ್‌ಆನ್‌ನ 2ನೇ ಅಧ್ಯಾಯದ 233ನೇ ಸೂಕ್ತ ಈ ವಿಷಯದಲ್ಲಿ ಗಮನಾರ್ಹ. ಪೂರ್ಣ ಸ್ತನ್ಯಪಾನದ ಅವಧಿ ಎರಡು ವರ್ಷವೆಂದು ಅದು ತಿಳಿಸುತ್ತದೆ. ಅದರ ಬೆನ್ನಿಗೇ ತಂದೆಯ ಮೇಲೆ ಹೊಣೆಯೊಂದನ್ನು ಹೊರಿಸುತ್ತದೆ. ಯಾವ ಹೊಣೆ? ಆಟಿಕೆ ತರುವುದಲ್ಲ, ತೊಟ್ಟಿಲು ಮಾಡಿಸುವುದಲ್ಲ. ಹಾಲುಣಿಸುವ ತಾಯಿಯ ಊಟ ಮತ್ತು ಬಟ್ಟೆ! ಅದೂ ಅವನವನ ಶಕ್ತಿಗೆ ತಕ್ಕಂತೆ. ಗಮನಿಸಿ, ಹೊಣೆ ಇರುವುದು ಮಗುವಿನ ತಂದೆಯ ಮೇಲೆ. ತಾಯಿಯ ತಂದೆಯ ಮೇಲಲ್ಲ.

ಈ ಊಟದ ಮಾತು ಇಂದಿಗೂ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇಕಡಾ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಹೊಟ್ಟೆಯಲ್ಲಿರುವ ಮಗುವಿಗೆ ಕೊಳ್ಳಬೇಕಾದ ಮೊದಲ ಸಾಮಾನು ಬಟ್ಟೆಯಂಗಡಿಯಲ್ಲಿಲ್ಲ. ಅದು ಸಂತೆಯ ಸೊಪ್ಪಿನ ಗುಡ್ಡೆಯಲ್ಲಿದೆ, ಮೊಟ್ಟೆಯಲ್ಲಿದೆ, ಹೆಸರುಕಾಳಿನಲ್ಲಿದೆ, ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿದೆ. ತೊಟ್ಟಿಲಿಗೆ ಸಾವಿರಗಟ್ಟಲೆ ಎಣಿಸುವ ಮನೆಯಲ್ಲಿ ಸೊಸೆಯ ತಟ್ಟೆಗೆ ಮೊಟ್ಟೆ ಬೀಳುತ್ತಿಲ್ಲವಾದರೆ ಅಲ್ಲಿ ದುಂದೂ ಜಿಪುಣತನವೂ ಒಂದೇ ಸೂರಿನಡಿ ಇವೆ ಎನ್ನಬೇಕಾಗುತ್ತದೆ.

ನಮ್ಮ ರಾಜ್ಯದಲ್ಲಿ 2007ರಲ್ಲಿ ಮಡಿಲು ಎಂಬ ಯೋಜನೆ ಶುರುವಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಒಂದು ಚೀಲ ಕೊಡುವ ಯೋಜನೆ ಅದು. ಅದರಲ್ಲಿದ್ದ ಸಾಮಾನುಗಳು ಹತ್ತೊಂಬತ್ತು. ಸೊಳ್ಳೆಪರದೆ, ಜಮಖಾನ, ಹೊದಿಕೆ, ಸೋಪು, ಮಗುವಿಗೆ ಪುಟ್ಟ ಹಾಸಿಗೆ, ಸ್ವೆಟರು, ಟೋಪಿ, ಕಾಲುಚೀಲ, ಹೀಗೆ. ಆ ಪಟ್ಟಿಯಲ್ಲಿ ನನಗೆ ಹಿಡಿಸಿದ್ದು ಒಂದು ವಿಷಯ. ತಾಯಿಗೆ ಬಾಚಣಿಗೆ ಮತ್ತು ಕೊಬ್ಬರಿ ಎಣ್ಣೆಯೂ ಅದರಲ್ಲಿದ್ದವು. ಹೆತ್ತವಳಿಗೂ ತಲೆ ಇದೆ, ಅದನ್ನು ಬಾಚಿಕೊಳ್ಳಬೇಕು ಎಂದು ಯಾರಿಗೋ ನೆನಪಾಗಿತ್ತು! ಮನೆಮಂದಿಗೆ ಎಷ್ಟೋ ಸಲ ಅದು ನೆನಪಾಗುವುದಿಲ್ಲ. ಮಗು ಬೆಚ್ಚಗಿರಬೇಕು, ಶುಚಿಯಾಗಿರಬೇಕು, ಸೊಳ್ಳೆ ಕಚ್ಚಬಾರದು. ತಾಯಿಗೆ ಬಟ್ಟೆಯೂ ಹೊದಿಕೆಯೂ ಬೇಕು. ಒಂದು ಚೀಲಕ್ಕೆ ಎಲ್ಲವೂ ಹಿಡಿಯಿತು.

ದೂರದ ಫಿನ್‌ಲ್ಯಾಂಡ್ ದೇಶವೂ 1938ರಲ್ಲಿ ಬಡ ತಾಯಂದಿರಿಗೆ ಇಂತಹುದೇ ಪೆಟ್ಟಿಗೆ ಕೊಡಲು ತೊಡಗಿ, 1949ರಿಂದ ಎಲ್ಲರಿಗೂ ವಿಸ್ತರಿಸಿತು. (ಅದೇ 1938ರಲ್ಲಿ ನಮ್ಮ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದವರ ಮೇಲೆ ಗುಂಡು ಹಾರಿತ್ತು.) ಆ ರಟ್ಟಿನ ಪೆಟ್ಟಿಗೆಯೊಳಗೇ ಹಾಸಿಗೆ ಹಾಸಿ ಮಗುವನ್ನು ಮಲಗಿಸುತ್ತಿದ್ದರು. ಸಿರಿವಂತರ ಮಗುವೂ ಬಡವರ ಮಗುವೂ ಒಂದೇ ಬಗೆಯ ಪೆಟ್ಟಿಗೆಯಲ್ಲಿ ಮಲಗುವ ಊರಿನಲ್ಲಿ ತೊಟ್ಟಿಲು ನೋಡಿ ಬೀಗರನ್ನು ಅಳೆಯುವುದು ಹೇಗೆ?

ಕೊಳ್ಳಬಾರದ ಕೆಲವು ವಸ್ತುಗಳೂ ಇವೆ. ಹಾಲಿನ ಬಾಟಲಿ ಮತ್ತು ಡಬ್ಬಿ ಹಾಲಿನ ಜಾಹೀರಾತನ್ನು ನಮ್ಮ ದೇಶ 1992ರ ಕಾನೂನಿನಿಂದ ನಿಷೇಧಿಸಿದೆ. ವೈದ್ಯರು ಹೇಳಿದಾಗ ಡಬ್ಬಿ ಹಾಲು ಬೇಕಾಗಬಹುದು, ಆ ಮಾತು ಬೇರೆ. ಉಡುಗೊರೆಯಾಗಿ ಬಾಟಲಿ ಕೊಡುವುದು ಬೇರೆ. ಚಕ್ರದ ವಾಕರನ್ನು ಕೆನಡಾ 2004ರಲ್ಲಿ ನಿಷೇಧಿಸಿತು, ಮಕ್ಕಳು ಅದರೊಡನೆ ಮೆಟ್ಟಿಲಿನಿಂದ ಉರುಳುತ್ತಿದ್ದ ಕಾರಣಕ್ಕೆ. ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಇವನ್ನು ಪ್ರೀತಿಯಿಂದ ಕೊಟ್ಟರೂ ಹಾನಿ ಹಾನಿಯೇ.

ಇನ್ನು ಹುಟ್ಟುವ ಮೊದಲೇ ಏನನ್ನೂ ಕೊಳ್ಳಬಾರದು, ಅಪಶಕುನ ಎಂಬ ಮಾತು. ಶಕುನ ನೋಡುವುದಕ್ಕೆ ಇಸ್ಲಾಮಿನಲ್ಲಿ ಎಡೆಯಿಲ್ಲ. ಆದರೆ ಈ ಮಾತು ಹೇಳುವ ಅಜ್ಜಿಯನ್ನು ನಾವು ಹೀಗಳೆಯಬೇಕಾಗಿಲ್ಲ. ಮಗುವನ್ನು ಕಳಕೊಂಡ ಮನೆಯಲ್ಲಿ ಖಾಲಿ ತೊಟ್ಟಿಲು ನಿಂತಿರುವುದನ್ನು ಕಂಡವರ ಮಾತು ಅದಾಗಿರಬಹುದು. ಹಳೆಯ ಸೀರೆ, ಪಂಚೆಯನ್ನು ಒಗೆದು ಬಿಸಿಲಿಗೆ ಒಣಗಿಸಿ ಮಡಚಿಟ್ಟರೆ ಎಳೆಯ ಮೈಗೆ ಅದಕ್ಕಿಂತ ಮೃದುವಾದ ಬಟ್ಟೆ ಯಾವ ಅಂಗಡಿಯಲ್ಲೂ ಸಿಗದು. ಶಕುನಕ್ಕೆ ಹೆದರದೆಯೂ ಆ ಅಜ್ಜಿಯ ಮಾತಿನಂತೆ ನಡೆಯಬಹುದು. ತೊಟ್ಟಿಲಾದರೂ ಅಷ್ಟೆ, ಕೆಲವೇ ತಿಂಗಳ ಉಪಯೋಗ ಅದರದು. ನಾಲ್ಕು ಮನೆ ಸುತ್ತಿ ಬಂದ ತೊಟ್ಟಿಲಿನಲ್ಲಿ ಮಗು ನಿದ್ರಿಸದೇನು?

ಸಂತೋಷಪಡುವುದೂ ತಪ್ಪೇ ಎಂದು ಕೆಲವರು ಕೇಳಿಯಾರು. ಖಂಡಿತ ಅಲ್ಲ. ಉಳ್ಳವನು ತನ್ನ ಮಗುವಿಗೆ ಚೆಂದದ ಅಂಗಿ ತೊಡಿಸಲಿ, ಅಕೀಕ ನೀಡಿ ಬಡವರನ್ನೂ ಕರೆಯಲಿ. ಸಂತೋಷಕ್ಕೂ ಧರ್ಮ ತನ್ನದೇ ದಾರಿಯನ್ನು ತೋರಿಸಿದೆ. ಪ್ರವಾದಿಯವರ(ಸ) ಮಗಳು ಫಾತಿಮಾ(ರ) ತಮ್ಮ ಮಕ್ಕಳ ತಲೆಗೂದಲನ್ನು ತೂಗಿ ಅಷ್ಟೇ ತೂಕದ ಬೆಳ್ಳಿಯನ್ನು ದಾನ ಮಾಡಿದರೆಂದು ವರದಿಯಾಗಿದೆ. ಏಳು ದಿನದ ಮಗುವಿನ ಕೂದಲಿಗೆ ತೂಕವೆಷ್ಟು? ಅಕ್ಕಸಾಲಿಗನ ತಕ್ಕಡಿಯೂ ಅಲುಗಾಡುವುದು ಕಷ್ಟ. ಮಗುವಿನ ಹೆಸರಿನಲ್ಲಿ ಆಗುವ ಆ ಖರ್ಚು ಅಷ್ಟು ಹಗುರ, ಅದೂ ಮನೆಯಿಂದ ಹೊರಗೆ, ಬೇರೊಬ್ಬರ ಹಸಿವಿನ ಕಡೆಗೆ ಹೋಗುತ್ತದೆ. ನಾವೋ ಅದೇ ಬೆಳ್ಳಿಯನ್ನು ಹತ್ತಾರು ಪಟ್ಟು ತೂಗಿಸಿ ಮಗುವಿನ ಕಾಲಿಗೇ ಕಟ್ಟುತ್ತೇವೆ, ಮಗಳ ತಂದೆಯ ದುಡ್ಡಿನಲ್ಲಿ.

ಇದನ್ನು ನಿಲ್ಲಿಸಬೇಕಾದವರು ಯಾರು? ಹೆಣ್ಣಿನ ತಂದೆ ನಿಲ್ಲಿಸಲಾರ. ನಿಲ್ಲಿಸಿದರೆ ಮಾತು ಕೇಳಬೇಕಾದವಳು ಅವನ ಮಗಳು. ಆದುದರಿಂದ ಬೇಡ ಎಂಬ ಮಾತು ಗಂಡಿನ ಮನೆಯಿಂದಲೇ ಹೊರಡಬೇಕು. ಅಳಿಯನೇ ಮಾವನ ಮನೆಗೆ ಹೋಗಿ ಹೇಳಲಿ, ಏಳನೇ ತಿಂಗಳು ತುಂಬುವ ಮೊದಲೇ ಹೇಳಲಿ. ತಡವಾದರೆ ತೊಟ್ಟಿಲಿಗೆ ಮುಂಗಡ ಕೊಟ್ಟಾಗಿರುತ್ತದೆ.