ಚೀಟಿಯಲ್ಲಿ ಬಂದ ಪಾಲು

ದುಡಿದು ಪಡೆದುದನ್ನು ನಮ್ಮದು ಎನ್ನುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಹಿರಿಯರಿಂದ ಬಂದುದೂ ಹಾಗೆಯೇ ಎನ್ನುವವರುಂಟು. ಅದರ ಬಗ್ಗೆ ವಾದ ಮಾಡಬಹುದು. ಆದರೆ ಬರಿಯ ಚೀಟಿ ಎತ್ತಿದ್ದರಿಂದ ಬಂದದ್ದು ಎಷ್ಟರ ಮಟ್ಟಿಗೆ ನಮ್ಮದು? ನಮ್ಮ ಹೆಸರಿನ ಚೀಟಿ ಬಂದು ಪಕ್ಕದ ಮನೆಯವರ ಚೀಟಿ ಬಾರದೆ ಹೋದಾಗ ನಾವು ಅವರಿಗೆ ಸಲ್ಲಿಸಬೇಕಾದದ್ದು ಏನಾದರೂ ಇದೆಯೆ? ಇದು ನೀತಿಶಾಸ್ತ್ರದ ಗ್ರಂಥ ಓದಿ ನನಗೆ ಹೊಳೆದ ಪ್ರಶ್ನೆಯಲ್ಲ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಕೇಳಿದ್ದು. ಕೇಳಿದವಳು ನನ್ನ ಸೋದರಸೊಸೆ. ಉತ್ತರ ಹೇಳಬೇಕಾಗಿದ್ದ ಹಿರಿಯರಲ್ಲಿ ನಾನೂ ಒಬ್ಬ.

ತಂಗಿಯ ಸಂಸಾರ ಕ್ಯಾಲಿಫೋರ್ನಿಯದಲ್ಲಿ ನೆಲಸಿ ಹದಿನೈದು ವರ್ಷಗಳಾದವು. ೨೦೨೪ರ ಬೇಸಿಗೆಯಲ್ಲಿ ರಜೆ ಕೂಡಿಸಿಕೊಂಡು ಆರೇಳು ವಾರ ಅವರ ಮನೆಯಲ್ಲಿದ್ದೆ. ನೋಡಬೇಕಾದ ಸ್ಥಳಗಳನ್ನೆಲ್ಲ ನೋಡಿ ಮುಗಿಸಿದ್ದು ಮೊದಲ ಹತ್ತು ದಿನಗಳಲ್ಲಿಯೇ. ಆಮೇಲೆ ನನ್ನ ಉದ್ಯೋಗವೆಂದರೆ ಬೆಳಗ್ಗೆ ತಂಗಿಯ ಜೊತೆಯಲ್ಲಿ ಕಾರಿನಲ್ಲಿ ಕುಳಿತು ಮಗುವನ್ನು ಶಾಲೆಗೆ ಬಿಟ್ಟುಬರುವುದು, ಮಧ್ಯಾಹ್ನ ಮತ್ತೆ ಹೋಗಿ ಕರೆತರುವುದು. ಹೋಗಲು ಮೂವತ್ತೈದು ನಿಮಿಷ, ಬರಲು ಅಷ್ಟೇ. ಮನೆಯಿಂದ ಕೂಗಳತೆಯಲ್ಲಿ ಒಂದು ಸರ್ಕಾರಿ ಶಾಲೆ ಇರುವಾಗ ಇಷ್ಟು ದೂರವೇಕೆ ಎಂದು ಕೇಳಿದೆ. “ಇದು ಕಲೆಗಳ ಶಾಲೆ, ಅಣ್ಣ. ಲಾಟರಿಯಲ್ಲಿ ಸಿಕ್ಕಿದ್ದು” ಎಂದಳು. ‘ಸಿಕ್ಕಿದ್ದು’ ಎಂಬ ಮಾತನ್ನು ಅವಳು ಆಡಿದ ರೀತಿಯಲ್ಲಿ, ತಿರುಪತಿಯಲ್ಲಿ ದರ್ಶನ ಸಿಕ್ಕಿತು ಎನ್ನುವವರ ಧ್ವನಿಯಿತ್ತು.

ಈ ಶಾಲೆಗಳ ವಿಚಾರ ವಾಚಕರಲ್ಲಿ ಕೆಲವರಿಗೆ ತಿಳಿದಿರಬಹುದು. ತಿಳಿಯದವರಿಗಾಗಿ ನಾಲ್ಕು ಮಾತು. ಅಮೆರಿಕದಲ್ಲಿ ಇವನ್ನು ಚಾರ್ಟರ್ ಶಾಲೆಗಳೆನ್ನುತ್ತಾರೆ. ಚಾರ್ಟರ್ ಎಂದರೆ ಸನ್ನದು. ಹಣ ಸರ್ಕಾರದ್ದು, ಮಕ್ಕಳಿಂದ ಶುಲ್ಕ ಪಡೆಯುವಂತಿಲ್ಲ. ಆದರೆ ಪಾಠಕ್ರಮ, ದಿನಚರಿ, ಅಧ್ಯಾಪಕರ ನೇಮಕ ಇವುಗಳಲ್ಲಿ ಶಾಲೆಗೆ ಬಹಳಮಟ್ಟಿನ ಸ್ವಾತಂತ್ರ್ಯ. ಅದಕ್ಕೆ ಪ್ರತಿಯಾಗಿ, ಇಂತಿಷ್ಟು ವರ್ಷಗಳಲ್ಲಿ ಇಂತಿಂಥದನ್ನು ಸಾಧಿಸುತ್ತೇವೆಂದು ಬರೆದುಕೊಡಬೇಕು. ಸಾಧಿಸದಿದ್ದರೆ ಸನ್ನದು ಮುಂದುವರಿಯುವುದಿಲ್ಲ. ೧೯೮೮ರಲ್ಲಿ ಈ ಆಲೋಚನೆಯನ್ನು ದೇಶದ ಮುಂದಿಟ್ಟು ಪ್ರಸಿದ್ಧಿಗೆ ತಂದ ಆಲ್ಬರ್ಟ್ ಷಾಂಕರ್ ಅಧ್ಯಾಪಕರ ಸಂಘದ ನಾಯಕರು ಎಂಬುದು ಗಮನಿಸತಕ್ಕ ಸಂಗತಿ. ಪಾಠ ಹೇಳುವವರೇ ಹೊಸ ಬಗೆಗಳನ್ನು ಪ್ರಯೋಗಿಸಿ ನೋಡಲು ಒಂದು ಎಡೆಯಿರಲಿ ಎಂಬುದು ಅವರ ಆಸೆ. ೧೯೯೧ರಲ್ಲಿ ಮಿನ್ನೆಸೋಟ ರಾಜ್ಯ ಮೊದಲ ಕಾನೂನನ್ನು ಮಾಡಿತು. ಮರುವರ್ಷ ಅಲ್ಲಿನ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಅದೇ ೧೯೯೨ರಲ್ಲಿ ಕ್ಯಾಲಿಫೋರ್ನಿಯವೂ ಹಿಂಬಾಲಿಸಿತು. ಷಾಂಕರರು ಮಾತ್ರ ಕೆಲವೇ ವರ್ಷಗಳಲ್ಲಿ, ಇದು ಖಾಸಗಿಯವರ ಕೈಗೆ ಜಾರುತ್ತಿದೆಯೆಂದು ತಾವು ಎತ್ತಿ ಆಡಿಸಿದ ಕೂಸಿನ ಮೇಲೆಯೇ ಮುನಿದರು. ಇಂದು ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಮೂವತ್ತೈದು ಲಕ್ಷಕ್ಕೂ ಮೀರಿ ಮಕ್ಕಳು ಇಂಥ ಶಾಲೆಗಳಲ್ಲಿದ್ದಾರೆ. ಕೆಲವು ಶಾಲೆಗಳು ಗಣಿತವಿಜ್ಞಾನಗಳಿಗೆ ಒತ್ತು ಕೊಟ್ಟರೆ ಕೆಲವು ಸಂಗೀತ, ನೃತ್ಯ, ನಾಟಕ, ಚಿತ್ರಕಲೆಗಳನ್ನು ನಡುಮನೆಯಲ್ಲಿ ಕೂರಿಸುತ್ತವೆ. ನನ್ನ ಸೊಸೆಯದು ಎರಡನೆಯ ಬಗೆ.

ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತಬೇಕೆಂಬುದು ಅಲ್ಲಿನ ಕಾನೂನು. ಇದು ನನಗೆ ಮೊದಲು ವಿಚಿತ್ರವಾಗಿ ಕಂಡಿತು. ಹಾಡುವವರನ್ನು ಹಾಡಿಸಿ ನೋಡಿ ಆರಿಸಬೇಡವೆ? ನ್ಯೂಯಾರ್ಕಿನಲ್ಲಿ ಮೇಯರ್ ಲಾಗ್ವಾರ್ಡಿಯ ಅವರು ೧೯೩೬ರಲ್ಲಿ ಆರಂಭಿಸಿದ ಸಂಗೀತ ಮತ್ತು ಕಲೆಗಳ ಪ್ರೌಢಶಾಲೆಯ ಸಂಪ್ರದಾಯ ಅದೇ; ಅದರ ವಂಶದ ಶಾಲೆಯಲ್ಲಿ ಇಂದಿಗೂ ಪರೀಕ್ಷಿಸಿಯೇ ಸೇರಿಸಿಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಶ್ರುತಿ ಹಿಡಿಯದವನೂ ಬರಬಹುದು, ಹೆಜ್ಜೆ ಬಾರದವಳೂ ಬರಬಹುದು.

ಬಂದವರ ತಂದೆತಾಯಿಗಳನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒಂದು ಶನಿವಾರ ದೊರೆಯಿತು. ವರ್ಷಾಂತ್ಯದ ನಾಟಕಕ್ಕೆ ಕಾಡಿನ ದೃಶ್ಯ ಸಿದ್ಧವಾಗಬೇಕಾಗಿತ್ತು. ರಟ್ಟಿನ ಮರಗಳಿಗೆ ಬಣ್ಣ ಬಳಿಯಲು ಪೋಷಕರನ್ನು ಕರೆದಿದ್ದರು. ಇಂಥ ಸೇವೆಯನ್ನು ಕಡ್ಡಾಯ ಮಾಡುವಂತಿಲ್ಲವೆಂದು ಕಾನೂನಿದೆ. ಆದರೂ ಬಾರದವರ ಹೆಸರು ಎಲ್ಲರ ನೆನಪಿನಲ್ಲಿ ಉಳಿಯುತ್ತದೆಯೆಂದು ತಂಗಿ ಹೇಳಿದಳು. ನನಗೂ ಒಂದು ಕುಂಚ ಕೊಟ್ಟರು. ಕನ್ನಡದ ಅಧ್ಯಾಪಕ ಬಳಿದ ಹಸಿರು ಯಾವ ಮರದ್ದೆಂದು ಯಾರೂ ಕೇಳಲಿಲ್ಲ.

ಬಣ್ಣ ಬಳಿಯುವಾಗ ಮಾತು ಸಲೀಸು. ನನ್ನ ಪಕ್ಕದಲ್ಲಿದ್ದಾತ ಲಾರಿ ಓಡಿಸುವವನು. ಅವನ ಮಗ ಹಿಂದಿನ ಶಾಲೆಯಲ್ಲಿ ಎರಡು ವರ್ಷ ಬಾಯಿ ತೆರೆದಿರಲಿಲ್ಲವಂತೆ. ಇಲ್ಲಿ ಗೊಂಬೆಯಾಟದ ಪರದೆಯ ಹಿಂದೆ ಕುಳಿತು ಗೊಂಬೆಯ ಬಾಯಿಂದ ಮಾತಾಡಲು ತೊಡಗಿದ, ಈಗ ಮನೆಯಲ್ಲಿ ಸುಮ್ಮನಿರಿಸುವುದೇ ಕಷ್ಟ ಎಂದು ನಕ್ಕ. ಎದುರಿಗಿದ್ದ ಹೆಂಗಸಿಗೆ ಶಾಲೆಯ ಮೇಲೆ ಸಮಾಧಾನವಿರಲಿಲ್ಲ. ಮಗಳಿಗೆ ನೃತ್ಯದಲ್ಲಿ ನಿಜವಾದ ಪ್ರತಿಭೆಯಿದೆ. ಆದರೆ ಎಲ್ಲರನ್ನೂ ಸೇರಿಸಿಕೊಳ್ಳುವ ಕಡೆ ಪಾಠ ಎಲ್ಲರ ಮಟ್ಟಕ್ಕೆ ಇಳಿಯುತ್ತದೆ ಎಂಬುದು ಅವಳ ದೂರು. ಇನ್ನೊಬ್ಬರ ಚಿಂತೆ ಇದಕ್ಕೆ ತಲೆಕೆಳಗು: ಕುಣಿತ ಹಾಡುಗಳೇನೋ ಸರಿ, ಹುಡುಗ ಭಿನ್ನರಾಶಿಯಲ್ಲಿ ಹಿಂದುಳಿದಿದ್ದಾನೆ. ಆ ಚಿಂತೆ ಶಾಲೆಗೂ ಇರಬೇಕು. ಏಕೆಂದರೆ ಐದು ವರ್ಷಕ್ಕೊಮ್ಮೆಯೋ ಏನೋ ಸನ್ನದು ಹೊಸದು ಮಾಡಿಸುವಾಗ ಅಧಿಕಾರಿಗಳು ಮುಖ್ಯವಾಗಿ ನೋಡುವುದು ಇಂಗ್ಲಿಷ್ ಮತ್ತು ಗಣಿತದ ಅಂಕಗಳನ್ನು. ಮಕ್ಕಳು ಎಷ್ಟು ಚೆನ್ನಾಗಿ ಹಾಡಿದರು ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ವೀಣೆಯ ಅಂಗಡಿಗೆ ಪರವಾನಗಿ ಕೊಡಬೇಕಾದರೆ ತಕ್ಕಡಿಯನ್ನು ಮಾತ್ರ ಪರೀಕ್ಷಿಸುವಂತಾಯಿತು!

ಯಾರೊಬ್ಬರೂ ಚೀಟಿಯ ಮಾತೆತ್ತಲಿಲ್ಲ. ಎತ್ತಬೇಕಾದ ಕಾರಣವೂ ಇರಲಿಲ್ಲ, ಅಲ್ಲಿದ್ದವರೆಲ್ಲ ಗೆದ್ದವರು.

ಚೀಟಿ ನ್ಯಾಯವಾದ ಕ್ರಮವೆಂಬುದನ್ನು ನಾನು ಕ್ರಮೇಣ ಒಪ್ಪಿಕೊಂಡೆ. ಅದು ಯಾರ ಮುಖವನ್ನೂ ನೋಡುವುದಿಲ್ಲ. ರ‍್ಯಾಂಕಿನ ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನಿಗೆ ನಾವು ‘ನೀನು ಕಡಮೆ’ ಎಂದು ಹೇಳುತ್ತೇವೆ. ಚೀಟಿ ಅಷ್ಟು ಕಠಿಣವಾದ ಮಾತನ್ನು ಆಡುವುದಿಲ್ಲ. ನಮ್ಮ ದೇಶಕ್ಕೂ ಇದು ಹೊಸದೇನಲ್ಲ. ಪರಾಂತಕ ಚೋಳನ ಕಾಲದ ಉತ್ತರಮೇರೂರಿನ ಹತ್ತನೆಯ ಶತಮಾನದ ಶಾಸನದಲ್ಲಿ, ಊರ ಸಭೆಯ ಸಮಿತಿಗಳಿಗೆ ಜನರನ್ನು ಆರಿಸುವ ವಿಧಾನ ವಿವರವಾಗಿದೆ: ಹೆಸರುಗಳನ್ನು ಓಲೆಯ ಮೇಲೆ ಬರೆದು ಕೊಡಕ್ಕೆ ಹಾಕಿ, ಏನೂ ಅರಿಯದ ಸಣ್ಣ ಹುಡುಗನ ಕೈಯಿಂದ ಎತ್ತಿಸುತ್ತಿದ್ದರು. ಆದರೆ ಅದೇ ಶಾಸನವನ್ನು ಇನ್ನೂ ಸ್ವಲ್ಪ ಓದಿದರೆ, ಕೊಡದೊಳಗೆ ಬೀಳಬಲ್ಲ ಹೆಸರು ಯಾರದೆಂಬುದೂ ತಿಳಿಯುತ್ತದೆ: ಇಂತಿಷ್ಟು ಭೂಮಿಯುಳ್ಳವನು, ಸ್ವಂತ ಮನೆಯುಳ್ಳವನು, ವೇದ ಬಲ್ಲವನು. ಹುಡುಗನ ಕೈ ನಿಷ್ಪಕ್ಷಪಾತವಾದದ್ದೇ. ಜರಡಿ ಹಿಡಿದದ್ದು ಅದಕ್ಕೆ ಮೊದಲು. ನಮ್ಮ ರಾಜ್ಯದಲ್ಲಿ ೨೦೦೯ರ ಶಿಕ್ಷಣ ಹಕ್ಕಿನ ಕಾನೂನಿನಂತೆ ಖಾಸಗಿ ಶಾಲೆಗಳ ಶೇಕಡಾ ೨೫ ಸೀಟುಗಳಿಗೆ ಲಾಟರಿ ನಡೆಯುತ್ತಿದ್ದಾಗಲೂ ಹಾಗೆಯೇ. ಅರ್ಜಿ ತುಂಬಿಸಬಲ್ಲವರು, ದಾಖಲೆ ಹೊಂದಿಸಬಲ್ಲವರು ಮಾತ್ರ ಕೊಡದೊಳಗಿದ್ದರು. ೨೦೧೯ರಿಂದ, ಹತ್ತಿರದಲ್ಲಿ ಸರ್ಕಾರಿ ಶಾಲೆಯಿರುವ ಕಡೆ ಆ ಕೊಡವನ್ನೇ ಎತ್ತಿಟ್ಟುಬಿಟ್ಟರು. ಅದು ಬೇರೆ ಕಥೆ.

ತಂಗಿಯ ಶಾಲೆಯಲ್ಲಿ ಜರಡಿಯ ಕೆಲಸ ಮಾಡುತ್ತಿದ್ದದ್ದು ಕಾರು. ಆ ಶಾಲೆಗೆ ಬಸ್ಸಿಲ್ಲ. ಮಗುವನ್ನು ದಿನಕ್ಕೆರಡು ಸಲ ಒಯ್ದು ತರಬಲ್ಲವರಿಗೆ ಮಾತ್ರ ಸೀಟು ಸೀಟಾಗುತ್ತದೆ.

ಇಲ್ಲಿ ನಮ್ಮ ಮನೆಯ ಒಂದು ಹಳೆಯ ಮಾತನ್ನು ಹೇಳಬೇಕು. ತಂಗಿ ಚಿಕ್ಕಂದಿನಲ್ಲಿ ಹಾಡುತ್ತಿದ್ದಳು. ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟಬೇಕೆಂದಿದ್ದ ವರ್ಷವೇ ಅವಳ ಎಸ್.ಎಸ್.ಎಲ್.ಸಿ. ಒಂದು ಸಂಜೆ ತಂದೆಯವರು, ಸಂಗೀತ ಈಗ ನಿಲ್ಲಲಿ, ಮುಂದೆ ಕಲಿಯಬಹುದು ಎಂದರು. ತಾಯಿ ಸುಮ್ಮನಿದ್ದರು. ನಾನು ಆಗ ಎಂ.ಎ. ಓದುತ್ತಿದ್ದೆ, ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ಸಾಹಿತ್ಯದ ವಿದ್ಯಾರ್ಥಿ ತಮ್ಮ ಪರ ನಿಂತಾನೆಂದು ತಾಯಿ ನನ್ನ ಮುಖ ನೋಡಿದರು. ನಾನು, “ಅಪ್ಪ ಹೇಳುವುದು ಸರಿ, ವಿದ್ಯೆ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದೆ. ತರ್ಕದ ದೃಷ್ಟಿಯಿಂದ ಆ ಮಾತಿನಲ್ಲಿ ತಪ್ಪಿಲ್ಲ. ತಂಗಿ ಎಂಜಿನಿಯರಾದಳು. ಮುಂದೆ ಎಂಬುದು ಬರಲಿಲ್ಲ. ದಿನಕ್ಕೆ ಎರಡು ಗಂಟೆಗೂ ಮೀರಿ ಅವಳು ಕಾರು ಓಡಿಸುವುದನ್ನು ಪಕ್ಕದಲ್ಲಿ ಕುಳಿತು ನೋಡುವಾಗ ಈ ಸಂಗತಿ ನನಗೆ ನೆನಪಿಗೆ ಬರುತ್ತಿತ್ತು, ಅವಳಿಗೂ ಬರುತ್ತಿತ್ತೇನೋ. ನಾವಿಬ್ಬರೂ ಅದನ್ನು ಎತ್ತಲಿಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಅವಳಿಗೆ ಅದೇ ಬೀದಿಯಲ್ಲಿ ಒಬ್ಬ ಗೆಳತಿ. ಐದನೆಯ ತರಗತಿಯವರೆಗೆ ಹತ್ತಿರದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ೨೦೨೩ರಲ್ಲಿ ಇಬ್ಬರೂ ಅರ್ಜಿ ಹಾಕಿದರು. ಇವಳ ಚೀಟಿ ಬಂತು, ಅವಳದು ಬರಲಿಲ್ಲ. ತನ್ನ ಸೀಟನ್ನು ಗೆಳತಿಗೆ ಕೊಡಬಹುದೆ ಎಂದು ಇವಳು ಆಗಲೇ ಕೇಳಿದ್ದಳಂತೆ. ಕೊಡುವಂತಿಲ್ಲ, ಬಿಟ್ಟರೆ ಅದು ಕಾಯುವವರ ಪಟ್ಟಿಯಲ್ಲಿ ಮುಂದಿರುವ ಅಪರಿಚಿತರಿಗೆ ಹೋಗುತ್ತದೆ. ಮರುವರ್ಷ ಗೆಳತಿ ಮತ್ತೆ ಅರ್ಜಿ ಹಾಕಿದಳು. ಪಟ್ಟಿಯಲ್ಲಿ ಹತ್ತೊಂಬತ್ತನೆಯವಳಾದಳು. ನಾನಿದ್ದಾಗಲೇ, ಮೇ ತಿಂಗಳ ಮೂರನೆಯ ವಾರ, ಒಂದು ಶುಕ್ರವಾರ ಅವರ ಮನೆಗೆ ಕರೆ ಬಂತು: ಸೀಟಿದೆ, ಸೋಮವಾರದೊಳಗೆ ಒಪ್ಪಿಗೆ ತಿಳಿಸಿ. ಆ ತಾಯಿ ಒಂಟಿಯಾಗಿ ಮಗಳನ್ನು ಸಾಕುತ್ತಿರುವವಳು. ಆಸ್ಪತ್ರೆಯಲ್ಲಿ ಬೆಳಗಿನ ಪಾಳಿಯ ಕೆಲಸ, ಆರು ಗಂಟೆಗೆ ಮನೆ ಬಿಡಬೇಕು. ಒಪ್ಪಿಕೊಳ್ಳುವುದು ಹೇಗೆ ಎಂದು ಕುಳಿತಿದ್ದಳು.

“ನಮ್ಮ ಕಾರಲ್ಲಿ ಜಾಗ ಇದೆಯಲ್ಲ, ಮಾವ?” ಎಂದಳು ಹುಡುಗಿ. ತಾಯಿಯನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ತಾಯಿಗೆ ಕೇಳಿಸಲೆಂದೇ ಇರಬೇಕು.

ಆ ರಾತ್ರಿ ಊಟವಾದ ಮೇಲೆ ಮೂವರು ಹಿರಿಯರು ಕುಳಿತು ವಿಚಾರ ಮಾಡಿದೆವು. ಮಕ್ಕಳನ್ನು ಸರದಿಯ ಮೇಲೆ ಒಯ್ಯುವ ಪದ್ಧತಿ ಅಲ್ಲಿ ಬೇಕಾದಷ್ಟಿದೆ ಎಂದರು ತಂಗಿಯ ಯಜಮಾನರು; ಆದರೆ ಅದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ, ಈ ತಾಯಿಯಿಂದ ಸರದಿ ಬರುವಂತಿಲ್ಲ. ಇದು ಬರಿಯ ಕೊಡುವುದಾಗುತ್ತದೆ. ತಂಗಿ ಏನನ್ನೂ ಹೇಳದೆ, “ನಿನಗೇನನ್ನಿಸುತ್ತದೆ, ಅಣ್ಣ?” ಎಂದಳು. ನಾನು ಹೇಳಿದೆ: ಚೀಟಿಯಲ್ಲಿ ಗೆದ್ದವರು ಸೋತವರಿಗೆ ಋಣಿಗಳಲ್ಲ, ಅವರಿಂದ ನಾವು ಏನನ್ನೂ ಕಸಿದುಕೊಂಡಿಲ್ಲ, ಕರೆದೊಯ್ದರೆ ಅದು ಉಪಕಾರ, ಕರ್ತವ್ಯವಲ್ಲ, ಉಪಕಾರವನ್ನು ಶಕ್ತಿ ನೋಡಿಕೊಂಡು ಮಾಡಬೇಕು, ಇಂದು ಒಪ್ಪಿಕೊಂಡರೆ ವರ್ಷಗಟ್ಟಲೆ ಒಪ್ಪಿಕೊಂಡಂತೆ, ನಡುವೆ ಕೈಬಿಟ್ಟರೆ ಆ ಮಗುವಿಗೆ ಇನ್ನೂ ಅನ್ಯಾಯ. ನೋಡೋಣ, ಅವಸರವೇನು ಎಂದೂ ಸೇರಿಸಿದೆ.

ನೋಡುತ್ತ ಶನಿವಾರ ಕಳೆಯಿತು, ಭಾನುವಾರ ಕಳೆಯಿತು. ಸೋಮವಾರ ಆ ತಾಯಿ ಸೀಟು ಬೇಡವೆಂದು ತಿಳಿಸಿದಳಂತೆ. ನಾವು ಬೇಡವೆಂದು ಯಾರಿಗೂ ಹೇಳಲಿಲ್ಲ. ಯಾರೂ ನಮ್ಮನ್ನು ಕೇಳಿರಲೂ ಇಲ್ಲ.

ನನ್ನ ವಾದದಲ್ಲಿ ಎಲ್ಲಿ ದೋಷವಿದೆಯೆಂದು ಹುಡುಕುತ್ತ ಅನಂತರ ಎಷ್ಟೋ ಹೊತ್ತು ಕಳೆದಿದ್ದೇನೆ. ಕಸಿದುಕೊಂಡಿಲ್ಲ ಎಂಬುದು ನಿಜ. ಚೀಟಿ ಸೋತವನನ್ನು ಅವಮಾನಿಸುವುದಿಲ್ಲ ಎಂದೆನಲ್ಲ. ಅದು ಗೆದ್ದವನಿಗೂ ಒಂದು ಅನುಕೂಲ ಮಾಡಿಕೊಡುತ್ತದೆ. ಹೆಚ್ಚು ಅಂಕ ಪಡೆದವನಿಗಾದರೂ ‘ಇದು ನನ್ನ ಯೋಗ್ಯತೆಯೆ?’ ಎಂದು ಅನುಮಾನ ಬಂದೀತು. ಚೀಟಿಯವನಿಗೆ ಆ ಕಾಟವೂ ಇಲ್ಲ. ಕ್ರಮ ನ್ಯಾಯವಾದದ್ದು, ಅಲ್ಲಿಗೆ ಲೆಕ್ಕ ಮುಗಿಯಿತು. ಹುಡುಗಿಗೆ ಮಾತ್ರ ಲೆಕ್ಕ ಮುಗಿದಿರಲಿಲ್ಲ. ಅವಳು ಋಣದ ಮಾತನ್ನಾಗಲಿ ಉಪಕಾರದ ಮಾತನ್ನಾಗಲಿ ಆಡಲಿಲ್ಲ. ಒಂದು ಕಾರು ಹೋಗುತ್ತಿದೆ, ಅದರಲ್ಲಿ ಒಂದು ಜಾಗ ಖಾಲಿಯಿದೆ, ಹೋಗಬೇಕಾದವಳು ಒಬ್ಬಳು ಬೀದಿಯಲ್ಲಿದ್ದಾಳೆ: ಅವಳು ಕಂಡದ್ದು ಇಷ್ಟು. ಇದನ್ನು ಋಣವೆನ್ನಬೇಕೋ ಉಪಕಾರವೆನ್ನಬೇಕೋ ಎಂದು ನಾವು ಮೊದಲು ಗೊತ್ತುಮಾಡಿಕೊಳ್ಳಲು ಹೊರಟದ್ದೇ ತಪ್ಪಾಗಿರಬಹುದು. ಎರಡು ಹೆಸರುಗಳ ನಡುವೆ ಎರಡು ದಿನಗಳು ಜಾರಿದವು. ಹಾಗೆಂದು ಕಾಲವಿಳಂಬವನ್ನು ಬೈದು ಪಾರಾಗಲಾರೆ. ಮೂವತ್ತೈದು ನಿಮಿಷದ ದಾರಿಯಲ್ಲಿ ತಾಯಿಮಗಳು ಆಡಿಕೊಳ್ಳುವ ಮಾತಿನ ನಡುವೆ ಮೂರನೆಯವರು ಬೇಡವೆಂಬ ಆಸೆ ತಂಗಿಗೆ ಇದ್ದಿರಬಹುದು, ಅವಳ ಆ ಸುಖಕ್ಕೆ ಕಾವಲಿರಬೇಕೆಂಬ ಹಂಬಲ ನನಗೆ. ಒಮ್ಮೆ ಅವಳಿಂದ ಒಂದನ್ನು ಬಿಡಿಸಿದವನು ಮತ್ತೊಮ್ಮೆ ಬಿಡಿಸಲು ಹಿಂಜರಿದೆ ಎಂದರೆ ನನ್ನ ಪರವಾಗಿ ಹೇಳಿಕೊಂಡಂತಾದೀತು. ಆದರೂ ಅದು ಇತ್ತು.

ನಾಟಕ ಜೂನ್ ಮೊದಲ ವಾರ ನಡೆಯಿತು. ಸೊಸೆಗೆ ನಾಲ್ಕು ಸಾಲಿನ ಮಾತು. ಅದಕ್ಕಿಂತ ದೀಪ ಹಾಕುವವರ ಜೊತೆ ನಿಲ್ಲುವುದು ಅವಳಿಗೆ ಹೆಚ್ಚು ಇಷ್ಟವೆಂದು ಅಂದು ತಿಳಿಯಿತು. ನನ್ನ ಮರ ಎಡಗಡೆಯ ಮೂಲೆಯಲ್ಲಿತ್ತು. ಗೆಳತಿಯನ್ನೂ ಅವಳ ತಾಯಿಯನ್ನೂ ತಂಗಿ ಕರೆದಿದ್ದಳು, ಬರಲಿಲ್ಲ.

ನಾನು ಮೈಸೂರಿಗೆ ಮರಳಿದ ಮೇಲೆ, ಚಳಿಗಾಲದಲ್ಲಿ ಮತ್ತೆ ಅರ್ಜಿಗಳನ್ನು ಕರೆದಾಗ ತಂಗಿ ಆ ಮನೆಗೆ ಹೋಗಿ, ಈ ಸಲವೂ ಅರ್ಜಿ ಹಾಕಿ, ಬಂದರೆ ಕರೆದೊಯ್ಯುವುದು ನನ್ನ ಪಾಲಿಗಿರಲಿ ಎಂದಳಂತೆ. ಫೋನಿನಲ್ಲಿ ನನಗೆ ಹೇಳಿದಳು. ನನ್ನ ಅಭಿಪ್ರಾಯ ಕೇಳಲಿಲ್ಲ. ಆ ತಾಯಿ ಮಗಳನ್ನು ಕೇಳಿ ಒಂದು ವಾರದ ಮೇಲೆ ಅರ್ಜಿ ತುಂಬಿದಳು. ೨೦೨೫ರ ವಸಂತದಲ್ಲಿ ಚೀಟಿ ಎತ್ತಿದರು. ಕಾಯುವವರ ಪಟ್ಟಿಯಲ್ಲಿ ಅವಳ ಸಂಖ್ಯೆ ಈ ಸಲ ಅರವತ್ತೆರಡು.